ಒಣ ಗಾಜಿನ ಮೇಲೆ ಬೀಳುವ ಹನಿಯನ್ನು ಚಿತ್ರೀಕರಿಸುವುದು ಹೇಗೆ?

ವಿಜ್ಞಾನ ಮೇಳಗಳಲ್ಲಿ ‘ಒಣ ಮೇಲ್ಮೈಗೆ ಬಿದ್ದ ನೀರಿನ ಹನಿ’ ಎಂಬ ಶೀರ್ಷಿಕೆಯಡಿ ಮಕ್ಕಳು ಅಂಟಿಸುವ ಚಿತ್ರಗಳಲ್ಲಿ ಹೆಚ್ಚಿನವು ಕಿರೀಟದಂತೆ ಎದ್ದ ನೀರಿನವು. ನಯವಾದ ಒಣ ಗಾಜಿನ ಮೇಲೆ ಹನಿ ಸಾಮಾನ್ಯವಾಗಿ ಬಿಲ್ಲೆಯಂತೆ ಹರಡುತ್ತದೆ. ಅಲ್ಲಿ ನೀರು ಕಿರೀಟದಂತೆ ಎದ್ದಿತೆಂದರೆ, ಹಿಂದಿನ ಹನಿಯ ತೆಳುಪದರ ಅಲ್ಲೇ ಉಳಿದಿತ್ತೆಂದು ಮೊದಲು ಅನುಮಾನಿಸಬೇಕು. ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಕಿರೀಟದ ಹೆಸರಾಂತ ಚಿತ್ರದಲ್ಲೂ ಹನಿ ಬಿದ್ದದ್ದು ಹಾಲಿನ ತೆಳುಪದರದ ಮೇಲೆಯೇ.

ಅಂಚು ಉಜ್ಜಿಸಿದ ಗಾಜಿನ ತುಂಡು, ಔಷಧಿಯ ಡ್ರಾಪರ್, ಅದನ್ನು ಹಿಡಿಯುವ ಸ್ಟ್ಯಾಂಡ್, ಅಳತೆಪಟ್ಟಿ, ಸ್ಲೋ ಮೋಷನ್ ಇರುವ ಮೊಬೈಲ್ ಮತ್ತು ಆಮ್ಲ ಬೆರೆಸದ ಬ್ಯಾಟರಿ ನೀರು ಇಷ್ಟಿದ್ದರೆ ಸಾಕು. ಬೇಗ ಗೀರು ಬೀಳುವ, ದೂಳನ್ನು ಸೆಳೆಯುವ ಅಕ್ರಿಲಿಕ್ ಹಾಳೆಯನ್ನು ಖಂಡಿತ ಕೊಳ್ಳಬೇಡಿ.

ಮೊದಲ ಹಂತ ಗಾಜನ್ನು ಸಿದ್ಧಪಡಿಸುವುದು. ಪ್ರಯೋಗ ಕೆಡುವುದೆಲ್ಲ ಇಲ್ಲಿಯೇ. ಪಾತ್ರೆ ತೊಳೆಯುವ ದ್ರವದಿಂದ ಎರಡೂ ಬದಿ ಉಜ್ಜಿ, ಹರಿಯುವ ನೀರಿನಲ್ಲಿ ನೊರೆಯ ಸುಳಿವೂ ಇಲ್ಲದಂತೆ ತೊಳೆಯಿರಿ, ಏಕೆಂದರೆ ಅಳಿದುಳಿದ ಸೋಪು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ಹನಿಯ ನಡೆಯನ್ನೇ ಬದಲಿಸುತ್ತದೆ. ಕೊನೆಯ ತೊಳೆತ ಬ್ಯಾಟರಿ ನೀರಿನಲ್ಲೇ ಆಗಲಿ. ಬೋರ್‌ವೆಲ್ ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಈಗ ಗಾಜನ್ನು ಓರೆಯಾಗಿ ಹಿಡಿದು ನೋಡಿ. ನೀರು ಒಡೆಯದ ಒಂದೇ ಹಾಳೆಯಂತೆ ನಿಂತರೆ ಗಾಜು ಶುದ್ಧವಾಗಿದೆ, ಅಲ್ಲಲ್ಲಿ ಬಿರಿದು ಹನಿಗಟ್ಟಿದರೆ ಜಿಡ್ಡು ಉಳಿದಿದೆ, ಮತ್ತೆ ತೊಳೆಯಬೇಕು. ಕಿಟಕಿ ಒರೆಸುವ ಸ್ಪ್ರೇಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ, ಅವುಗಳಲ್ಲಿ ಹಲವು ತಮ್ಮದೇ ಪದರವೊಂದನ್ನು ಬಿಟ್ಟುಹೋಗುತ್ತವೆ. ಗಾಜನ್ನು ಅಂಚಿನಲ್ಲಷ್ಟೇ ಹಿಡಿದು, ಗೋಡೆಗೆ ಓರೆಯಾಗಿಟ್ಟು, ದೂಳು ಕೂರದಂತೆ ಮೇಲೊಂದು ಡಬ್ಬಿ ಕವುಚಿ ತಾನಾಗಿ ಒಣಗಲು ಬಿಡಿ. ಅವಸರವೆಂದು ಹೇರ್ ಡ್ರೈಯರ್ ಹಿಡಿದರೆ, ಗಾಜು ಪೂರ್ತಿ ತಣಿಯುವವರೆಗೆ ಕಾಯಲೇಬೇಕು. ಒಂದು ಹನಿ ಬಿದ್ದ ಜಾಗಕ್ಕೆ ಎರಡನೆಯದನ್ನು ಬೀಳಿಸುವುದು ಬೇರೆಯೇ ಪ್ರಯೋಗವಾದ್ದರಿಂದ, ನಾಲ್ಕೈದು ತುಂಡುಗಳನ್ನು ಒಟ್ಟಿಗೇ ತೊಳೆದಿಟ್ಟುಕೊಳ್ಳುವುದು ಒಳ್ಳೆಯದು.

ಫ್ಯಾನ್ ಆರಿಸಿ, ಗಾಜನ್ನು ಸಮತಟ್ಟಾಗಿಟ್ಟು, ಡ್ರಾಪರನ್ನು ಮೊದಲು 10 ಸೆಂ.ಮೀ., ಆಮೇಲೆ 1 ಮೀಟರ್ ಎತ್ತರದಲ್ಲಿ ನಿಲ್ಲಿಸಿ ಹನಿ ಬೀಳಿಸಿ.

ಚಿತ್ರೀಕರಣಕ್ಕೆ ಬೆಳಗಿನ ಬಿಸಿಲೇ ಬೇಕು. ಮನೆಯ ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಸ್ಲೋ ಮೋಷನ್ ಚಿತ್ರ ಹೊಯ್ದಾಡುತ್ತದೆ. ಹನಿಯ ಹಿಂದೆ ಬಟರ್ ಪೇಪರ್ ಕಟ್ಟಿ, ಅದರ ಮೂಲಕ ಬಿಸಿಲು ಬರುವಂತೆ ಮಾಡಿ, ಮೊಬೈಲನ್ನು ಗಾಜಿನ ಮಟ್ಟಕ್ಕಿಂತ ತುಸುವೇ ಮೇಲಿಡಿ. 1 ಮೀಟರ್ ಎತ್ತರದಿಂದ ಬಿದ್ದ ಹನಿಯ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಹಾಗಾಗಿ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಹನಿ ಹೆಚ್ಚುಕಡಿಮೆ ತನ್ನ ವ್ಯಾಸದಷ್ಟೇ ದೂರ ಜಾರಿ ಚಿತ್ರ ಮಸುಕಾಗುತ್ತದೆ. ಶಟರ್ ಸಮಯವನ್ನು ನಾವೇ ಹೊಂದಿಸಬಲ್ಲ ಪ್ರೊ ಮೋಡ್ ಇದ್ದರೆ ಅದನ್ನು ಸೆಕೆಂಡಿನ 1/8000ಕ್ಕೆ ಇಳಿಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಲ್ಲಿ ಎರಡು ಚಿತ್ರಗಳ ನಡುವೆ 4 ಮಿಲಿಸೆಕೆಂಡಿಗೂ ಹೆಚ್ಚು ಅಂತರವಿರುತ್ತದೆ, ಅಷ್ಟರೊಳಗೆ ಹರಡುವಿಕೆಯ ಬಹುಭಾಗ ಮುಗಿದಿರಬಹುದು. ಹತ್ತಾರು ಹನಿಗಳನ್ನು, ಪ್ರತಿಸಲ ಒಣ ಜಾಗದಲ್ಲಿ, ಚಿತ್ರಿಸಿದರಷ್ಟೇ ಬೇಕಾದ ಕ್ಷಣ ಸಿಗುತ್ತದೆ.

ಅಳೆಯುವುದು ಸುಲಭ: ಅತಿ ಅಗಲವಾಗಿ ಹರಡಿದ ಬಿಲ್ಲೆಯ ವ್ಯಾಸವನ್ನು ಹನಿಯ ವ್ಯಾಸದಿಂದ ಭಾಗಿಸಿ. ಎತ್ತರ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ, ಹರಡುವಿಕೆ ಮಾತ್ರ ಅಷ್ಟು ಹೆಚ್ಚುವುದಿಲ್ಲ.

ಸಿಡಿತವನ್ನೇ ನೋಡಬೇಕೆಂದರೆ ಗಾಜಿನ ಬದಲು ಉಪ್ಪುಕಾಗದವನ್ನಿಡಿ. ತಾಗಿದ ಕೂಡಲೇ ಅಂಚಿನಿಂದ ಸಣ್ಣ ಹನಿಗಳು ಹಾರುತ್ತವೆ. ನಯವಾದ ಗಾಜಿನ ಮೇಲಿನ ಸಿಡಿತದಲ್ಲಿ ಸುತ್ತಲಿನ ಗಾಳಿಯ ಪಾತ್ರವೂ ದೊಡ್ಡದು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ನಾಗೆಲ್ ಮತ್ತು ಸಂಗಡಿಗರು ಗಾಳಿಯ ಒತ್ತಡವನ್ನು ಇಳಿಸುತ್ತ ಹೋದಾಗ, ಅಷ್ಟೇ ವೇಗದಲ್ಲಿ ಬಿದ್ದ ಆಲ್ಕೋಹಾಲ್ ಹನಿ ಸಿಡಿಯುವುದನ್ನೇ ನಿಲ್ಲಿಸಿ ಸದ್ದಿಲ್ಲದೆ ಹರಡಿಕೊಂಡಿತು. ಅವರು ಇದನ್ನು ಪ್ರಕಟಿಸಿದ್ದು 2005ರಲ್ಲಿ.