ನಾಗಮಂಡಲವನ್ನು ಕಣ್ತುಂಬ ನೋಡುವುದು ಹೇಗೆ?

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನಾಗದೇವರಿಗೆ ನಡೆಯುವ ಸೇವೆಯಾದ ನಾಗಮಂಡಲಕ್ಕೆ ಹೆಚ್ಚಿನವರು ರಾತ್ರಿ ಊಟ ಮುಗಿಸಿ, ಢಕ್ಕೆ ಎಂಬ ಚರ್ಮವಾದ್ಯದ ಸದ್ದು ಕೇಳಿದ ಮೇಲೆ ಹೊರಡುತ್ತಾರೆ. ಅಷ್ಟರಲ್ಲಿ ಮಂಡಲ, ಅಂದರೆ ಬಣ್ಣದ ಪುಡಿಗಳಿಂದ ನೆಲದ ಮೇಲೆ ಬಿಡಿಸುವ ಹಾವಿನ ಚಿತ್ರ, ಬರೆದಾಗಿರುತ್ತದೆ. ಸೇವೆ ಮುಗಿಯುವಾಗ ಅದು ಅಳಿದೂ ಹೋಗುತ್ತದೆ. ಅದನ್ನು ಚಿತ್ರವಾಗಿಯೂ ನೋಡುವ ಆಸೆಯಿದ್ದರೆ, ವೈದ್ಯರು ಮೊದಲ ಗೆರೆ ಎಳೆಯುವ ಮುನ್ನವೇ ಚಪ್ಪರ ಸೇರಿಕೊಳ್ಳಬೇಕು. ಇವರು ಔಷಧ ಕೊಡುವ ವೈದ್ಯರಲ್ಲ. ಮಂಡಲ ಬರೆದು, ಅದರ ಸುತ್ತ ಹಾಡಿ ಕುಣಿಯುವವರಿಗೆ ಅಲ್ಲಿ ಇದೇ ಹೆಸರು.

ಮೊದಲು ಬಣ್ಣಗಳನ್ನು ಗಮನಿಸಿ. ಇರುವುದು ಐದೇ. ಬಿಳಿಗೆ ಬಿಳಿಮಣ್ಣಿನ ಪುಡಿ, ಹಳದಿಗೆ ಅರಿಶಿನ, ಹಸಿರಿಗೆ ಒಣಗಿಸಿ ಕುಟ್ಟಿದ ಎಲೆಯ ಪುಡಿ, ಕಪ್ಪಿಗೆ ಕರಕಾಗುವಂತೆ ಹುರಿದ ಭತ್ತದ ಉಮಿ. ಕೆಂಪಿಗೆ ಬೇರೆ ಸಾಮಗ್ರಿ ಬೇಕಿಲ್ಲ: ಅರಿಶಿನಕ್ಕೆ ಸುಣ್ಣದ ಕ್ಷಾರ ತಗುಲಿದರೆ ಅದೇ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿಯಲ್ಲಿ ನಾವೆಲ್ಲ ನೋಡಿರುವುದು ಇದನ್ನೇ.

ಆಮೇಲೆ ಕೈಯನ್ನು ನೋಡಿ. ಹೆಬ್ಬೆರಳು ತೋರುಬೆರಳುಗಳ ಸಂದಿಯಿಂದ ಪುಡಿ ಇಳಿಯುವಾಗ ಬೆರಳು ನೆಲ ಮುಟ್ಟುವುದಿಲ್ಲ. ಕೈಯ ವೇಗಕ್ಕೆ ತಕ್ಕಂತೆ ಗೆರೆಯ ದಪ್ಪ ಬದಲಾಗುತ್ತದೆ. ತುಸು ಬಗ್ಗಿ, ದೀಪಕ್ಕೆ ಅಡ್ಡವಾಗಿ ನೋಡಿದರೆ ಪುಡಿಯ ಅಂಚು ಕೂದಲೆಳೆಯಷ್ಟು ಉಬ್ಬಿ ನೆರಳು ಚೆಲ್ಲಿರುವುದು ಕಾಣಿಸುತ್ತದೆ. ಇದು ಫೋಟೋದಲ್ಲಿ ಸಿಗುವುದಿಲ್ಲ, ಮೊಬೈಲಿನ ಫ್ಲ್ಯಾಶ್ ಹಾಕಿದರಂತೂ ಪೂರ್ತಿ ಚಪ್ಪಟೆಯಾಗುತ್ತದೆ. ಹಾಗಾಗಿ ಮೊಬೈಲನ್ನು ಜೇಬಿನಲ್ಲೇ ಬಿಡಿ.

ಮಂಡಲ ಪೂರ್ಣಗೊಂಡ ಮೇಲೆ ಇಡೀ ಆಕೃತಿಯನ್ನು ಒಮ್ಮೆಗೇ ಹಿಡಿಯಲು ಹೋದರೆ ಕಣ್ಣು ಸೋಲುತ್ತದೆ. ಹಾವಿನ ಮೈ ಹೆಣೆದುಕೊಂಡು ಬೀಳುವ ಗಂಟಿಗೆ ಪವಿತ್ರ ಎನ್ನುತ್ತಾರೆ. ಷೋಡಶ ಪವಿತ್ರ ಮಂಡಲದಲ್ಲಿ ಇಂಥವು 16, ಅಷ್ಟ ಪವಿತ್ರದಲ್ಲಿ 8, ಚತುಃಪವಿತ್ರದಲ್ಲಿ 4. ಹೊಸಬರಿಗೆ ನಾಲ್ಕರದ್ದೇ ಸುಲಭ. ಹೆಡೆಯಿಂದ ಹೊರಟು ಒಂದೇ ಮೈಯನ್ನು ಹಿಂಬಾಲಿಸುತ್ತ, ಎಲ್ಲಿ ಅದು ಇನ್ನೊಂದು ಸುತ್ತಿನ ಮೇಲೆ ಹಾಯುತ್ತದೆ, ಎಲ್ಲಿ ಅಡಿಯಲ್ಲಿ ನುಸುಳುತ್ತದೆ ಎಂದು ನೋಡುತ್ತ ಬಾಲದವರೆಗೆ ಹೋಗಿ. ದಾರಿ ತಪ್ಪಿದರೆ ಮತ್ತೆ ಹೆಡೆಗೇ ಮರಳಬೇಕು.

ನಾಗನ ಆವೇಶ ಬರುವ ನಾಗಪಾತ್ರಿ ಮತ್ತು ನಾಗಕನ್ನಿಕೆಯ ವೇಷ ತೊಟ್ಟ ವೈದ್ಯರ ಕುಣಿತ ಬಿರುಸಾದಾಗ ಜನ ಮುನ್ನುಗ್ಗುತ್ತಾರೆ. ನೀವು ಒಂದು ಹೆಜ್ಜೆ ಹಿಂದೆ ಸರಿದರೂ ನಷ್ಟವಿಲ್ಲ. ಮಂಡಲ ಅಳಿಸಿದ ಮೇಲೆ ಆ ಪುಡಿಯೇ ಪ್ರಸಾದ. ಹಣೆಗೆ ಹಚ್ಚುವ ಮೊದಲು ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ: ಐದೂ ಕಲೆತ ಮಣ್ಣುಬಣ್ಣದ ನಡುವೆ ಉಮಿಯ ಕಪ್ಪು ಚೂರುಗಳು ಇನ್ನೂ ಬೇರೆಯಾಗಿಯೇ ಕಾಣುತ್ತವೆ.