ಆಗಮನಕಾಲ: ಪ್ರಾರ್ಥನೆ, ಓದು, ಕೂಲಿಯ ಲೆಕ್ಕ

ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕನೆಯ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನಕಾಲ ಶುರುವಾಗುತ್ತದೆ. ಹಾಗಾಗಿ ಅದು ಒಂದು ವರ್ಷ 22 ದಿನ ಇದ್ದರೆ ಇನ್ನೊಂದು ವರ್ಷ 28 ದಿನದವರೆಗೂ ಹೋಗುತ್ತದೆ. 2026ರಲ್ಲಿ ನವೆಂಬರ್ 29ಕ್ಕೆ ಆರಂಭ. ಕೊನೆಯ ವಾರಕ್ಕೆ ಐದು ದಿನ ಸಿಗುತ್ತವೆ. 2028ರಲ್ಲಿ ಡಿಸೆಂಬರ್ 3ಕ್ಕೆ ಆರಂಭ. ನಾಲ್ಕನೆಯ ಭಾನುವಾರವೇ 24ನೇ ತಾರೀಖು, ಭಾನುವಾರಕ್ಕೊಂದರಂತೆ ಹಚ್ಚುವ ಮೇಣದ ಬತ್ತಿಗಳಲ್ಲಿ ನಾಲ್ಕನೆಯದನ್ನು ಬೆಳಗ್ಗೆ ಹಚ್ಚಿದರೆ ರಾತ್ರಿಗೇ ಹಬ್ಬ. ನಾಲ್ಕು ವಾರಕ್ಕೆ ನಾಲ್ಕು ವಿಷಯ ಹಂಚಿಕೊಂಡವರ ಯೋಜನೆ ಇಲ್ಲೇ ಎಡವುತ್ತದೆ.

ನಾವು ವಿಷಯ ಹಂಚುವುದಿಲ್ಲ. ಇಡೀ ಕಾಲಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇವೆ: ನಮಗಾಗಿ ದುಡಿಯುವವರಿಗೆ ಸಲ್ಲಬೇಕಾದ್ದು ಸಲ್ಲುತ್ತಿದೆಯೇ? ಆಗಮನಕಾಲದಲ್ಲಿ ಎದುರುನೋಡುವ ಶಾಂತಿ ಇಲ್ಲಿಂದಲೇ ಶುರು ಎನ್ನುತ್ತೇವೆ. ಶಾಂತಿ ಎಂದರೆ ಯುದ್ಧದ ವಿಷಯವಲ್ಲವೇ, ಕೂಲಿ ಎಲ್ಲಿಂದ ಬಂತು ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಬೈಬಲಿನ ಪ್ರವಾದಿ ಯೆಶಾಯನ ಎರಡನೆಯ ಅಧ್ಯಾಯವನ್ನೇ ತೋರಿಸುತ್ತೇವೆ. ಕತ್ತಿಗಳು ನೇಗಿಲ ಗುಳಗಳಾಗುವುದು ನಾಲ್ಕನೆಯ ವಚನದ ನಡುವಿನಲ್ಲಿ. ಅದೇ ವಚನದ ಮೊದಲಲ್ಲಿ ದೇವರು ನ್ಯಾಯತೀರ್ಪು ಕೊಡುತ್ತಾನೆ. ಹನ್ನೊಂದನೆಯ ಅಧ್ಯಾಯದಲ್ಲೂ ಅದೇ ಕ್ರಮ. ತೋಳ ಕುರಿಮರಿಯ ಜೊತೆ ಇರುವುದು ಆರನೆಯ ವಚನ, ಬಡವರಿಗೆ ನ್ಯಾಯ ಸಿಗುವುದು ನಾಲ್ಕನೆಯದು. ಹಬ್ಬದ ಕಾರ್ಡುಗಳಲ್ಲಿ ಆರನೆಯದನ್ನು ಮಾತ್ರ ಚಿತ್ರಿಸುತ್ತಾರೆ.

ಪ್ರಾರ್ಥನೆಗೆ ದಿನಕ್ಕೆ ಇಪ್ಪತ್ತು ನಿಮಿಷ, ಸಂಜೆ. ಅದಕ್ಕಿಂತ ಉದ್ದವಾದರೆ ಎರಡನೆಯ ವಾರಕ್ಕೆ ಜನ ಕರಗುತ್ತಾರೆ. ಬತ್ತಿ ಹಚ್ಚುವುದು, ಮೂರು ನಿಮಿಷ ಮೌನ, ಒಂದು ಕೀರ್ತನೆ, ಆ ದಿನದ ವಾಚನವನ್ನು ಇಬ್ಬರು ಬೇರೆಬೇರೆಯಾಗಿ ಒಂದೊಂದು ಸಲ ಓದುವುದು, ಮತ್ತೆ ಐದು ನಿಮಿಷ ಮೌನ, ಆಮೇಲೆ ಬಿನ್ನಹಗಳು. ಕೆಡುವುದು ಸಾಮಾನ್ಯವಾಗಿ ಬಿನ್ನಹದಲ್ಲೇ. ಕೇಳುತ್ತ ಕೇಳುತ್ತ ಅದು ವಾರ್ತಾಪ್ರಸಾರವಾಗಿಬಿಡುತ್ತದೆ, ಇಲ್ಲವೇ ಪಕ್ಕದಲ್ಲಿ ಕುಳಿತವರಿಗೆ ಬುದ್ಧಿಮಾತಾಗುತ್ತದೆ. ಅದಕ್ಕೆ ನಾಲ್ಕೇ ಬಿನ್ನಹ, ಒಂದೊಂದೂ ಒಂದೇ ವಾಕ್ಯ. ಕೊನೆಯದರಲ್ಲಿ ‘ಅವರು’ ಎಂಬ ಪದಕ್ಕೆ ಜಾಗವಿಲ್ಲ. ‘ಬಡವರ ಮೇಲೆ ಕರುಣೆ ತೋರು’ ಎನ್ನುವುದು ಸುಲಭ; ‘ನಾವು ತಡಮಾಡಿ ಕೊಟ್ಟ ಕೂಲಿಯನ್ನು ಕ್ಷಮಿಸು’ ಎನ್ನುವಾಗ ನಾಲಿಗೆ ತಡವರಿಸುತ್ತದೆ. ತಡವರಿಸಲಿ.

ಬತ್ತಿಗಳ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಎರಡು ಸೆಂಟಿಮೀಟರ್ ದಪ್ಪದ ಬತ್ತಿ ಗಂಟೆಗೆ ಸುಮಾರು ಎರಡೂವರೆ ಸೆಂಟಿಮೀಟರ್ ಉರಿಯುತ್ತದೆ. ಮೊದಲನೆಯದು ದಿನಕ್ಕೆ ಇಪ್ಪತ್ತು ನಿಮಿಷದಂತೆ 28 ದಿನ ಉರಿದರೆ ಒಂಬತ್ತು ಗಂಟೆ ದಾಟುತ್ತದೆ, ಅಂದರೆ 25 ಸೆಂಟಿಮೀಟರ್‌ನ ಬತ್ತಿ ಹೆಚ್ಚುಕಡಿಮೆ ಮುಗಿದೇಹೋಯಿತು. ಗಾಳಿ ಬೀಸುವ ಕಡೆ ಇನ್ನೂ ಬೇಗ. ಮೊದಲ ಎರಡಕ್ಕೆ ಬದಲಿ ಬತ್ತಿ ತಂದಿಡಿ. ಸುತ್ತಲಿನ ಹಸಿರೆಲೆಯನ್ನು ವಾರಕ್ಕೊಮ್ಮೆ ಬದಲಿಸಿ. ಒಣಗಿದ ಎಲೆಗೆ ಮೋಟು ಬತ್ತಿಯ ಜ್ವಾಲೆ ತಗುಲಿದರೆ ಕಥೆ ಮುಗಿಯಿತು. ಅಂದಹಾಗೆ, ಈ ಪದ್ಧತಿ ಹುಟ್ಟಿದ್ದು ಬಡ ಮಕ್ಕಳ ನಡುವೆ. ಹ್ಯಾಂಬರ್ಗ್‌ನಲ್ಲಿ ಅವರಿಗಾಗಿ ಆಶ್ರಯಮನೆ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ 1839ರಲ್ಲಿ ಗಾಡಿಯ ಚಕ್ರವೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿ ಕೂರಿಸಿದರು.

ಓದಿಗೆ ಬರೋಣ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ: 2025ರ ಆಗಮನಕಾಲದಿಂದ ಮತ್ತಾಯನ ಸುವಾರ್ತೆಯ ವರ್ಷ, 2026ರಿಂದ ಮಾರ್ಕನದು, 2027ರಿಂದ ಲೂಕನದು. ವಾಚನದ ಪುಸ್ತಕದಲ್ಲಿ ಕೊಟ್ಟಷ್ಟನ್ನೇ ಓದಿ ನಿಲ್ಲಿಸಬೇಡಿ. ಮಾರ್ಕನ ವರ್ಷದ ಮೂರನೆಯ ಭಾನುವಾರ ಕಥೋಲಿಕ ಪಟ್ಟಿಯಲ್ಲಿ ಯೆಶಾಯ 61ರ ಎಂಟನೆಯ ವಚನವೇ ಇಲ್ಲ. ‘ನಾನು ನ್ಯಾಯವನ್ನು ಪ್ರೀತಿಸುತ್ತೇನೆ’ ಎಂದು ದೇವರು ಹೇಳುವುದು ಅಲ್ಲೇ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಪಟ್ಟಿಯಲ್ಲಿ ಅದು ಇದೆ. ಅಧ್ಯಾಯವನ್ನು ಪೂರ್ತಿ ಓದಿಕೊಂಡರೆ ಈ ತಾಪತ್ರಯವಿಲ್ಲ. ಇನ್ನು ಲೂಕ 3:10–14ನ್ನು ನಾವು ವರ್ಷ ಯಾವುದೇ ಇರಲಿ ಓದುತ್ತೇವೆ. ‘ನಾವೇನು ಮಾಡಬೇಕು?’ ಎಂದು ಜನ ಕೇಳಿದಾಗ ಸ್ನಾನಿಕ ಯೋಹಾನ ಕಾಡಿಗೆ ಬನ್ನಿ ಎನ್ನಲಿಲ್ಲ. ಎರಡು ಅಂಗಿ ಇದ್ದವನು ಒಂದನ್ನು ಕೊಡಲಿ ಎಂದ, ಸುಂಕದವರಿಗೆ ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ, ಸಿಪಾಯಿಗಳಿಗೆ ಯಾರನ್ನೂ ಹೆದರಿಸಿ ಹಣ ಕೀಳಬೇಡಿ ಎಂದ. ಅವರವರ ಕೈಗೆ ಎಟುಕುವ ಕೆಲಸವನ್ನೇ ಹೇಳಿದ.

ಕಲಿಕೆಗೆ ಮೂರು ಕೂಟ ಸಾಕು, ತಲಾ ಒಂದು ಗಂಟೆ, ಹನ್ನೆರಡು ಜನರೊಳಗೆ. ಬೆಲ್ಜಿಯಂನ ಗುರು ಯೋಸೆಫ್ ಕಾರ್ಡೈನ್ ದುಡಿಯುವ ಯುವಜನರೊಂದಿಗೆ ರೂಢಿಸಿದ ‘ನೋಡು, ತೂಗಿ ನೋಡು, ಮಾಡು’ ಎಂಬ ಕ್ರಮವನ್ನೇ ಹಿಡಿಯುತ್ತೇವೆ. ಪೋಪ್ 23ನೇ ಜಾನ್ 1961ರಲ್ಲಿ ಎಲ್ಲರಿಗೂ ಅದನ್ನೇ ಸೂಚಿಸಿದರು. ಎರಡನೆಯ ಕೂಟವನ್ನು ಡಿಸೆಂಬರ್ 10ರ ಆಸುಪಾಸಿಗೆ ಇಡಿ. 1948ರಲ್ಲಿ ಅಂದೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾದದ್ದು. ಅದರ 23 ಮತ್ತು 24ನೇ ವಿಧಿಗಳು ನ್ಯಾಯವಾದ ಸಂಬಳ, ವಿಶ್ರಾಂತಿ, ಸಂಬಳಸಹಿತ ರಜೆಯ ಕುರಿತಾದವು. ಪಕ್ಕದಲ್ಲೇ ಧರ್ಮೋಪದೇಶಕಾಂಡ 24:14–15 ಓದಿ: ಕೂಲಿಯನ್ನು ಅಂದೇ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಭಾಷಣಕಾರರನ್ನು ಕರೆಯುವ ಅಗತ್ಯ ನಮಗೆ ಕಂಡಿಲ್ಲ. ಬಂದವರು ಮುಕ್ಕಾಲು ಗಂಟೆ ಮಾತಾಡುತ್ತಾರೆ, ‘ಮಾಡು’ ಎಂಬ ಭಾಗ ಮುಂದಿನ ಕೂಟಕ್ಕೆ ಹೋಗುತ್ತದೆ.

ಈಗ ಕೆಲಸ. ಒಂದು ಹಾಳೆಯಲ್ಲಿ ಚರ್ಚಿನ ಕಸ ಗುಡಿಸುವವರು, ಕಾವಲಿನವರು, ಗುರುಗಳ ಮನೆಯ ಅಡುಗೆಯವರು, ತೋಟದವರು, ನಮ್ಮ ನಮ್ಮ ಮನೆಗೆಲಸದವರು, ಗುತ್ತಿಗೆಯಲ್ಲಿ ಬಂದು ದುಡಿಯುವವರು, ಎಲ್ಲರನ್ನೂ ಬರೆಯಿರಿ. ಹೆಸರು ಬೇಡ, ಕೆಲಸ ಸಾಕು. ಎದುರಿಗೆ ಎಂಟು ಅಂಕಣ: ದಿನಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ದಿನ, ಸಂಬಳ, ಕೈಗೆ ಸಿಗುವ ತಾರೀಖು, ವಾರದ ರಜೆ, ಕಾಯಿಲೆ ಬಿದ್ದ ದಿನದ ಸಂಬಳ, ಹೆಚ್ಚುವರಿ ಗಂಟೆಗೆ ಹಣ, ಕೊನೆಯ ಸಲ ಸಂಬಳ ಏರಿದ ವರ್ಷ. ವಿಚಾರಿಸಲು ಇಬ್ಬರು ಹೋಗಿ, ಒಬ್ಬರಾದರೂ ಮಹಿಳೆ ಇರಲಿ. ಸಂಬಳ ಕೊಡುವವರ ಎದುರಿಗಂತೂ ಕೇಳಲೇಬೇಡಿ. ‘ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ಫೋಟೋ ತೆಗೆಯಬೇಡಿ, ಕಷ್ಟದ ಕಥೆ ಹೇಳಿಸಬೇಡಿ. ಬೇಕಿರುವುದು ಅಂಕಿ.

ತಿಂಗಳ ಸಂಬಳವನ್ನು ನಿಜವಾಗಿ ದುಡಿದ ಗಂಟೆಗಳಿಂದ ಭಾಗಿಸಿ, ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಪಕ್ಕ ಇಡಿ. ಊಟ, ಹಳೆಯ ಬಟ್ಟೆ, ಹಬ್ಬದ ಉಡುಗೊರೆಯನ್ನು ಸಂಬಳಕ್ಕೆ ಸೇರಿಸಬೇಡಿ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ. ‘ಅದು ಗುತ್ತಿಗೆದಾರರ ಜವಾಬ್ದಾರಿ’ ಎಂಬುದನ್ನೂ ಉತ್ತರವೆಂದು ಒಪ್ಪಬೇಡಿ. ಹಣ ಕೊಡುವುದು ನಾವು, ಕರಾರಿಗೆ ಸಾಲೊಂದನ್ನು ಸೇರಿಸುವುದೂ ನಮ್ಮ ಕೈಯಲ್ಲೇ ಇದೆ.

ಎರಡನೆಯ ವಾರದ ಕೊನೆಗೆ ಹಾಳೆ ಆಡಳಿತ ಸಮಿತಿಯ ಮುಂದೆ ಇರಬೇಕು. ಮೂರನೆಯ ವಾರ ಕ್ಯಾರಲ್ ಸುತ್ತಾಟ, ಗೋದಲಿ ಕಟ್ಟುವುದು ಶುರುವಾದರೆ ಯಾರಿಗೂ ಬಿಡುವಿಲ್ಲ. ಎಲ್ಲರ ಲೆಕ್ಕ ಒಟ್ಟಿಗೆ ಇಡಿ. ಒಬ್ಬರದ್ದನ್ನೇ ಇಟ್ಟರೆ ದೂರು ಹೇಳಿದವರು ಯಾರೆಂದು ಹುಡುಕಾಟ ಶುರುವಾಗುತ್ತದೆ. ‘ದುಡ್ಡಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆಗ ದೀಪಾಲಂಕಾರ, ಧ್ವನಿವರ್ಧಕದ ಖರ್ಚಿನ ಸಾಲನ್ನು ಪಕ್ಕದಲ್ಲಿಟ್ಟು ಸುಮ್ಮನಿರಿ. ನಿರ್ಣಯದಲ್ಲಿ ಮೊತ್ತ, ತಾರೀಖು, ಹೊಣೆ ಹೊತ್ತವರ ಹೆಸರು ಮೂರೂ ಇರಲಿ. ‘ಪರಿಶೀಲಿಸಲಾಗುವುದು’ ಎಂದು ಬರೆದರೆ ಅದು ನಿರ್ಣಯವಲ್ಲ. ಬಾಕಿಯಿದ್ದರೆ ಮೊದಲು ಬಾಕಿ, ಆಮೇಲೆ ಉಡುಗೊರೆ.

ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೆ ಬದಲಾಗುತ್ತದೆ. ಏಳು ಸಂಜೆ, ಬರಲಿರುವ ಕ್ರಿಸ್ತನನ್ನು ಕರೆಯುವ ಏಳು ಸಂಬೋಧನೆ: ಜ್ಞಾನವೇ, ಒಡೆಯನೇ, ಇಷಯನ ಬೇರೇ, ದಾವೀದನ ಬೀಗದ ಕೈಯೇ, ಉದಯವೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ. ಅದರೊಂದಿಗೆ ಮರಿಯಳ ಸ್ತುತಿಗೀತೆ, ಲೂಕ 1:46–55. 18ನೇ ತಾರೀಖು ಅಂತರರಾಷ್ಟ್ರೀಯ ವಲಸೆಗಾರರ ದಿನವೂ ಹೌದು. ಅಂದಿನ ಬಿನ್ನಹ ಅವರಿಗೆ. 20ರಂದು ಬೀಗದ ಕೈಯ ಸರದಿ, ಸೆರೆಯಲ್ಲಿರುವವರನ್ನು ಬಿಡಿಸು ಎಂಬ ಮೊರೆ ಅದರಲ್ಲೇ ಇದೆ. ಸಮಿತಿಯಲ್ಲಿ ಮಾತಿಗೆ ಮಾತು ಬೆಳೆದು ಮುಖ ತಿರುಗಿಸಿಕೊಂಡವರಿದ್ದರೆ ಈ ವಾರವೇ ಅವರ ಮನೆಗೆ ಹೋಗಿಬರುತ್ತೇವೆ, ಮತ್ತಾಯ 5:23–24 ಹೇಳುವಂತೆ. ಆದರೆ ರಾಜಿಗೆಂದು ನಿರ್ಣಯದ ಮೊತ್ತ ಇಳಿಸುವುದಿಲ್ಲ. ಆ ಹಣ ನಮ್ಮದಲ್ಲ.

ಜನವರಿಯ ಸಂಬಳ ಆದ ಮೇಲೆ ಅದೇ ಇಬ್ಬರು ಅದೇ ಹಾಳೆ ಹಿಡಿದು ಮತ್ತೊಮ್ಮೆ ಹೋಗಬೇಕು. ಸಂಬಳ ಏರಿಸಿ ಕೆಲಸದ ಗಂಟೆ ಕಡಿತ ಮಾಡಿರುವುದು, ಒಟ್ಟು ಕೈಗೆ ಬರುವುದು ಮೊದಲಿಗಿಂತ ಕಡಿಮೆಯಾಗಿರುವುದು ಈ ಸುತ್ತಿನಲ್ಲೇ ಗೊತ್ತಾಗುವುದು. ಹಾಗೆ ಆಗಿದ್ದರೆ ಹಾಳೆ ಫೆಬ್ರವರಿಯ ಸಮಿತಿಗೆ ಹೋಗುತ್ತದೆ.