ಕಲಬುರಗಿ ಬಿಸಿಲಿನಾಗ ಫೆರೆಟ್ ವಾಕಿಂಗ್

ಅಪ್ಪನ ಕೆರೆ ದಂಡೆಯಲ್ಲಿ ಹೆಚ್ಚು ಜನ ಕೇಳುವ ಪ್ರಶ್ನೆ: ‘ಮುಂಗುಸಿಗಿ ಹಗ್ಗ ಕಟ್ಟೀರೇನ್ರಿ?’ ಮುಂಗುಸಿ ಅಲ್ಲ, ಫೆರೆಟ್. ಮೊಲದ ಬಿಲಕ್ಕೆ ಬಿಡಲೆಂದು ಯುರೋಪಿನವರು ಎರಡು ಸಾವಿರ ವರ್ಷದಿಂದ ಸಾಕಿಕೊಂಡು ಬಂದ ಪ್ರಾಣಿ. ಮುಂಗುಸಿ, ನೀರುನಾಯಿ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ಸಾಕಿದರೆ ಕೇಸು. ಮನೆಯಲ್ಲಿ ನೀರುನಾಯಿ ಸಾಕಿದ ಜಪಾನಿನ ವಿಡಿಯೊ ನೋಡಿ ‘ನೀರುನಾಯಿ ಎಲ್ಲಿ ಸಿಗ್ತದ್ರಿ’ ಎನ್ನುವ ಹುಡುಗರಿಗೆ, ತುಂಗಭದ್ರೆಗೆ ಹೋಗಿ ದೂರದಿಂದ ನೋಡ್ರಿ ಅನ್ನುತ್ತೇನೆ. ಅಲ್ಲಿ ಕಂಪ್ಲಿ ಕಡೆ ಅವಕ್ಕೆಂದೇ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದ್ದಾರೆ. ನನ್ನ ಫೆರೆಟ್ ಖರೀದಿಸಿದ ಬಿಲ್ಲಿನ ಫೋಟೊ ಮೊಬೈಲಿನಲ್ಲೇ ಇರುತ್ತದೆ, ಯಾರಾದರೂ ಗದರಿಸಿದರೆ ತೋರಿಸಲು.

ನಮ್ಮೂರಲ್ಲಿ ಫೆರೆಟ್ ಸಾಕುವವರ ಮೊದಲ ವೈರಿ ಬಿಸಿಲು. ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. 27–28 ಡಿಗ್ರಿ ದಾಟಿದರೆ ತ್ರಾಸು, 32ರ ಮೇಲೆ ಜೀವಕ್ಕೇ ಅಪಾಯ. ಮೇ ತಿಂಗಳಲ್ಲಿ ಇಲ್ಲಿ 42 ದಾಟುತ್ತದೆ! ಹಾಗಾಗಿ ನಾವು ಹೊರಗೆ ಹೋಗುವುದು ಚಳಿಗಾಲದಲ್ಲಿ, ಅದೂ ಹೊತ್ತು ಮೂಡುವ ಮುಂಚೆ. ಮಾರ್ಚ್ ಬಂತೆಂದರೆ ವಾಕಿಂಗ್ ಬಂದ್. ಆಗ ಅದರ ಪ್ರಪಂಚ ಕೂಲರ್ ಇರುವ ಕೋಣೆ, ಶಹಾಬಾದಿ ಫರಸಿಯ ತಂಪು, ಬಟ್ಟೆ ಸುತ್ತಿದ ಐಸ್ ಬಾಟಲಿ. ದಿನದಲ್ಲಿ ಹದಿನಾಲ್ಕು ತಾಸಿಗೂ ಹೆಚ್ಚು ಮಲಗುವ ಪ್ರಾಣಿ, ಬೇಸರಪಟ್ಟುಕೊಳ್ಳುವುದಿಲ್ಲ.

ಕೊರಳಪಟ್ಟಿ ಬೇಡವೇ ಬೇಡ. ಫೆರೆಟ್‌ನ ಕುತ್ತಿಗೆ ತಲೆಯಷ್ಟೇ ದಪ್ಪ, ಹಿಂದಕ್ಕೆ ಜಗ್ಗಿದರೆ ಪಟ್ಟಿ ನಿಮ್ಮ ಕೈಯಲ್ಲಿ, ಪ್ರಾಣಿ ಗಟಾರದಲ್ಲಿ. ಕೊರಳಿಗೊಂದು, ಎದೆಯ ಹಿಂದಕ್ಕೊಂದು ಪಟ್ಟಿ ಇರುವ ಎಚ್ ಆಕಾರದ ಹಾರ್ನೆಸ್ ಬೇಕು. ಕಿರುಬೆರಳು ತೂರುವಷ್ಟೇ ಸಡಿಲು ಬಿಡುತ್ತೇನೆ. ಮೊದಲು ಮನೆಯೊಳಗೇ ರೂಢಿ ಮಾಡಿಸಿದೆ: ಹಾಕುವುದು, ಮೊಟ್ಟೆಯ ಹಳದಿ ನೆಕ್ಕಿಸುವುದು, ತೆಗೆಯುವುದು. ಶುರುವಿಗೆ ಅದು ಉರುಳಾಡುತ್ತದೆ, ಹಿಂದಕ್ಕೆ ಸರಿಯುತ್ತದೆ, ಸತ್ತಂತೆ ಬೀಳುತ್ತದೆ. ನಾಟಕ ಅದು. ಹಾರ್ನೆಸ್ ಮರೆತು ಆಡತೊಡಗಿದ ಮೇಲೆಯೇ ಹಗ್ಗ ಸಿಕ್ಕಿಸಿದೆ.

ಇದನ್ನು ವಾಕಿಂಗ್ ಅನ್ನುವುದೂ ಮರ್ಯಾದೆಗೆ. ನಾಯಿಯಂತೆ ಪಕ್ಕದಲ್ಲಿ ಬರುವ ಜಾತಿಯಲ್ಲ. ಅದು ಎಳೆದತ್ತ ನಾವು ಹೋಗಬೇಕು. ನಾನು ನಿಂತರೆ ಬೂಟಿನ ಲೇಸು ಎಳೆಯುತ್ತದೆ, ಖುಷಿಯಾದರೆ ಡುಕ್ ಡುಕ್ ಅನ್ನುತ್ತದೆ. ಬಿಲ ಕಂಡರೆ ಮುಗಿಯಿತು. ನಮ್ಮ ಎರೆಭೂಮಿಯಲ್ಲಿ ಜನವರಿ ಹೊತ್ತಿಗೆ ಬಿರುಕು ಬಿಡಲು ಶುರು, ಒಂದೊಂದರಲ್ಲಿ ಕೈ ತೂರುತ್ತದೆ. ಅಲ್ಲಿಗೆ ಇಳಿದ ಫೆರೆಟನ್ನು ಹಗ್ಗ ಜಗ್ಗಿ ತೆಗೆಯಬಾರದು, ಹಾರ್ನೆಸ್ ಕಳಚಬಹುದು. ಹಗ್ಗ ಬಿಗಿಯಾಗಿ ಹಿಡಿದು, ಮೂತಿ ಹೊರಬರುವವರೆಗೆ ತಿಂಡಿ ಡಬ್ಬಿ ಅಲ್ಲಾಡಿಸುತ್ತೇನೆ. ಇದಕ್ಕೇ ಆರಡಿಗಿಂತ ಉದ್ದದ ಹಗ್ಗ ಇಟ್ಟುಕೊಂಡಿಲ್ಲ. ತೊಗರಿ ಕೊಯ್ದ ಹೊಲಕ್ಕಂತೂ ಇಳಿಸುವುದಿಲ್ಲ, ಕೂಳೆ ಹೊಟ್ಟೆಗೆ ಚುಚ್ಚುತ್ತದೆ.

ಬೀದಿನಾಯಿ ಕಂಡರೆ ಎತ್ತಿ ಹೆಗಲ ಚೀಲಕ್ಕೆ ಹಾಕುತ್ತೇನೆ, ಧೈರ್ಯ ತೋರಿಸುವ ಜಾಗ ಅಲ್ಲ ಅದು. ಕಚ್ಚುವುದಕ್ಕಿಂತ ನನಗೆ ಭಯ ಡಿಸ್ಟೆಂಪರ್‌ನದು. ನಾಯಿಗಳಿಂದ ಹರಡುವ ಈ ರೋಗ ತಗುಲಿದ ಫೆರೆಟ್ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಸಿಕೆಗೆ ಮುಂಚೆ ಹೊರಗೆ ಕಾಲಿಡಿಸಬೇಡಿ. ನಾಯಿಗೆ ಹಾಕುವ ಎಲ್ಲ ಲಸಿಕೆಯೂ ಫೆರೆಟ್‌ಗೆ ಆಗುವುದಿಲ್ಲ, ಅದನ್ನು ಬಲ್ಲ ಡಾಕ್ಟರನ್ನೇ ಹುಡುಕಿ.

ಮನೆಗೆ ಬಂದೊಡನೆ ಕಾಲ್ಬೆರಳ ಸಂದಿ ಬಿಡಿಸಿ ನೆಗ್ಗಿನಮುಳ್ಳು, ಕಿವಿಯ ಹಿಂದೆ ಉಣ್ಣಿ ಹುಡುಕುತ್ತೇನೆ. ಹಾರ್ನೆಸ್ ಬಿಚ್ಚುವುದು ಅದಾದ ಮೇಲೆ. ಮೊದಲೇ ಬಿಚ್ಚಿದರೆ ಸೋಫಾ ಕೆಳಗೆ ನುಗ್ಗಿ ಸಂಜೆಯವರೆಗೆ ಸಿಗುವುದಿಲ್ಲ.